ಹಿಟ್ಟಿನ ಪಕ್ಕ ಮಾತ್ರೆ ಡಬ್ಬಿ

ಪುಣೆಯ ಬುಧವಾರ ಪೇಟೆಯಲ್ಲಿ ನಾನು ಆಪ್ತಸಮಾಲೋಚಕಿ. ಬೆಳಗಾವಿ, ವಿಜಯಪುರದ ಕಡೆಯಿಂದ ಬಂದ ಲೈಂಗಿಕ ಕಾರ್ಯಕರ್ತೆಯರೊಂದಿಗೆ ನನ್ನ ಮಾತೆಲ್ಲ ಕನ್ನಡದಲ್ಲೇ. ಗಿರಾಕಿಯೊಂದಿಗೆ ಮರಾಠಿಯಲ್ಲಿ ಚೌಕಾಸಿ ಮಾಡುವವರಿಗೂ ಬಿಳಿಸೆರಗು, ಕೆಳಹೊಟ್ಟೆಯ ನೋವು ಹೇಳಿಕೊಳ್ಳಲು ತಮ್ಮ ಭಾಷೆಯೇ ಬೇಕು.

2020ರ ಮಾರ್ಚ್ 25ರಂದು ಲಾಕ್‌ಡೌನ್ ಬಂದಾಗ ನನ್ನ ಮೊದಲ ಚಿಂತೆ ಕೊರೊನಾ ಆಗಿರಲಿಲ್ಲ, ಎಆರ್‌ಟಿ ಮಾತ್ರೆಯಾಗಿತ್ತು. ಎಚ್‌ಐವಿ ಇರುವವರು ಅದನ್ನು ದಿನವೂ ನುಂಗಬೇಕು. ಪದೇ ಪದೇ ತಪ್ಪಿದರೆ ವೈರಸ್ ಔಷಧಕ್ಕೆ ಬಗ್ಗದಂತಾಗುತ್ತದೆ. ಮೂರು ತಿಂಗಳ ಮಾತ್ರೆಯನ್ನು ಒಮ್ಮೆಗೇ ಕೊಡಬಹುದು, ಹತ್ತಿರದ ಎಆರ್‌ಟಿ ಕೇಂದ್ರದಿಂದಲೂ ಪಡೆಯಬಹುದು ಎಂಬ ಸೂಚನೆ ಬಂದದ್ದು ದೊಡ್ಡ ನೆರವಾಯಿತು. ಪೇಟೆಯಲ್ಲೇ ಉಳಿದವರ ಹಸಿರು ಪುಸ್ತಕಗಳನ್ನು, ಅಂದರೆ ಎಆರ್‌ಟಿ ಚಿಕಿತ್ಸೆಯ ದಾಖಲೆ ಪುಸ್ತಕಗಳನ್ನು, ಕೂಡಿಸಿಕೊಂಡು, ಪಾಸ್ ಹಿಡಿದು ಹೋಗಿ ತರುತ್ತಿದ್ದೆವು. ಒಂದೇ ಕೋಣೆಯಲ್ಲಿ ಹಲವರು. ಒಬ್ಬರ ಕಾಯಿಲೆ ಇನ್ನೊಬ್ಬರಿಗೆ ತಿಳಿಯಬಾರದು. ಡಬ್ಬಿಯೊಳಗೆ ತೇವ ಹೀರುವ ಪೊಟ್ಟಣ ಇರುವುದರಿಂದ ಮಾತ್ರೆಗಳನ್ನು ಕಾಗದಕ್ಕೆ ಸುರಿಯುವಂತಿಲ್ಲ. ಡಬ್ಬಿಯನ್ನೇ ಬಟ್ಟೆಯಲ್ಲಿ ಸುತ್ತಿ ರೇಷನ್ ಚೀಲದಲ್ಲಿ ಹಿಟ್ಟಿನ ಪಕ್ಕ ಇಟ್ಟೆವು. ಕುಲುಕಿದರೆ ಸದ್ದಾಗದಿರಲು ಅದರೊಳಗೆ ಹತ್ತಿ ತುರುಕುವುದು ಹಿರಿಯ ಕಾರ್ಯಕರ್ತೆಯೊಬ್ಬರ ಉಪಾಯ.

ಊರಿಗೆ ಹೋದವರದು ಕಷ್ಟದ ಲೆಕ್ಕ. ಮನೆಯವರ ಪಾಲಿಗೆ ಅವರು ಪುಣೆಯಲ್ಲಿ ಅಡುಗೆ ಕೆಲಸದವರು. “ಅಕ್ಕಾ, ಜಿಲ್ಲಾ ಆಸ್ಪತ್ರೆಯಲ್ಲಿ ನಮ್ಮ ಓಣಿಯವರೇ ಸಿಗುತ್ತಾರೆ, ನಾನು ಹೋಗುವುದಿಲ್ಲ” ಎಂದಳು ಒಬ್ಬಳು. ಪಕ್ಕದ ಜಿಲ್ಲೆಯ ಕೇಂದ್ರದ ಸಮಾಲೋಚಕರಿಗೆ ಮೊದಲೇ ಫೋನ್ ಮಾಡಿ, ಪುಸ್ತಕದ ಫೋಟೊ ಕಳಿಸಿ ದಾರಿ ಮಾಡಿದೆವು. ಹೊಲಕ್ಕೆ ಹೋದಾಗ ಮಿಸ್ಡ್ ಕಾಲ್ ಕೊಡುತ್ತಿದ್ದಳು. ಆಗ ಮಾತ್ರ ನಾನು ತಿರುಗಿ ಕರೆ ಮಾಡುತ್ತಿದ್ದೆ. ಅಣ್ಣನ ಫೋನನ್ನೇ ನೆಚ್ಚಿಕೊಂಡವರು ನಮ್ಮ ಕೈಗೆ ಸಿಗಲೇ ಇಲ್ಲ. ಕೊರೊನಾಗೆ ಬಡವ ಬಲ್ಲಿದ ಎಂಬ ಭೇದವಿಲ್ಲ ಎಂದು ಟಿವಿಯಲ್ಲಿ ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತಿತ್ತು.

ಕಾಂಡೋಮ್ ಹಂಚುವುದು ಸುಲಭವಿತ್ತು, ಬಳಸುವಂತೆ ಮಾಡುವುದಲ್ಲ. ಗಿರಾಕಿಗಳೇ ವಿರಳ, ಕೋಣೆ ಕೊಟ್ಟು ದಂಧೆ ನಡೆಸುವ ಘರವಾಲಿಗೆ ಬಾಡಿಗೆ ಬಾಕಿ. ಕಾಂಡೋಮ್ ಬೇಡವೆಂದು ಹೆಚ್ಚು ಹಣ ತೋರಿಸುವವನ ಎದುರು ನನ್ನ ಉಪದೇಶಕ್ಕೆ ಬೆಲೆಯೆಲ್ಲಿ? ಬಾಡಿಗೆ ಮುಂದೂಡುವಂತೆ ಘರವಾಲಿಯರ ಜೊತೆ ಕೂತು ಮಾತಾಡಿದ್ದೇ ಹೆಚ್ಚು ಫಲ ಕೊಟ್ಟಿತು. ಆರು ತಿಂಗಳಿಗೊಮ್ಮೆ ಆಗಬೇಕಿದ್ದ ಸಿಫಿಲಿಸ್ ಪರೀಕ್ಷೆ ಮಾತ್ರ ಹಲವರಿಗೆ ತಪ್ಪಿತು.

ಗುರುತಿನ ಚೀಟಿ ಕೇಳದೆ ಲೈಂಗಿಕ ಕಾರ್ಯಕರ್ತೆಯರಿಗೆ ಪಡಿತರ ಕೊಡಬೇಕೆಂದು 2020ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟ್ ಹೇಳಿತು. ಮಹಾರಾಷ್ಟ್ರ ಸರ್ಕಾರ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ತಿಂಗಳಿಗೆ 5,000 ರೂಪಾಯಿ, ಶಾಲೆಗೆ ಹೋಗುವ ಮಕ್ಕಳಿದ್ದರೆ ಇನ್ನೂ 2,500 ರೂಪಾಯಿ ಘೋಷಿಸಿತು. ನಮ್ಮ ಕೆಲವರ ಖಾತೆ ಇದ್ದದ್ದು ಊರಿನ ಬ್ಯಾಂಕಿನಲ್ಲಿ, ಎಟಿಎಂ ಕಾರ್ಡ್ ಇದ್ದದ್ದು ಅಣ್ಣನ ಜೇಬಿನಲ್ಲಿ. ಅಂಥವರಿಗೆ ಪುಣೆಯಲ್ಲೇ ಹೊಸ ಖಾತೆ ತೆರೆಸಲು ಓಡಾಡಿದೆವು.

ಈಗ ನನ್ನ ರಿಜಿಸ್ಟರಿನಲ್ಲಿ ಪ್ರತಿಯೊಬ್ಬರಿಗೂ ಎರಡು ವಿಳಾಸ. ಜೊತೆಗೆ, ಊರಿನಲ್ಲಿದ್ದಾಗ ಯಾವ ಹೊತ್ತಿಗೆ ಕರೆ ಮಾಡಬಹುದು, ಬೇರೆಯವರು ಎತ್ತಿದರೆ ನಾನು ಯಾರೆಂದು ಹೇಳಬೇಕು ಎಂಬುದನ್ನೂ ಅವರನ್ನೇ ಕೇಳಿ ಬರೆದುಕೊಳ್ಳುತ್ತೇನೆ.