ಪಿಯುಸಿಗೆ ಗಣಿತ ಬೇಡ ಎನ್ನುವ ಮಕ್ಕಳ ಜೊತೆ ಮಾತಾಡುವುದು ಹೇಗೆ

ಎಸ್ಸೆಸ್ಸೆಲ್ಸಿ ಮುಗಿಸಿದ ಮಗನೋ ಮಗಳೋ "ಪಿಯುಸಿಗೆ ಗಣಿತ ಬೇಡ" ಅಂದರೆ ಯಾಕೆ ಎಂದು ಕೇಳಬೇಡಿ. "ಯಾವ ಪಾಠ ಬರಲ್ಲ?" ಎಂದು ಕೇಳಿ. "ಯಾಕೆ" ಎಂದು ಕೇಳಿದರೆ ಅವರ ಹತ್ತಿರ ಉತ್ತರ ರೆಡಿ ಇರುತ್ತದೆ: "ಇಂಟರೆಸ್ಟ್ ಇಲ್ಲ." ಯಾವ ಪಾಠ ಅಂದರೆ ಯೋಚನೆ ಮಾಡಬೇಕಾಗುತ್ತದೆ. ಆಮೇಲೆ ಬಾಯಿಂದ ಬರುವುದು ಎರಡೋ ಮೂರೋ ಹೆಸರು. ತ್ರಿಕೋನಮಿತಿ, ಪ್ರಮೇಯ, ವರ್ಗ ಸಮೀಕರಣದ ವಾಕ್ಯರೂಪದ ಲೆಕ್ಕ. ಅಷ್ಟಕ್ಕೆ ಇಡೀ ಗಣಿತವನ್ನೇ ಬಿಡಲು ಹೊರಟಿರುತ್ತಾರೆ.

ನಾನು ತಿಪಟೂರು ಕಡೆಯ ಒಂದು ಸರ್ಕಾರಿ ಪಿಯು ಕಾಲೇಜಿನಲ್ಲಿ ಗಣಿತ ಹೇಳಿಕೊಡುತ್ತೇನೆ. ನನ್ನ ಕ್ಲಾಸಿಗೆ ಬರುವವರು ತೆಂಗಿನ ತೋಟದವರ ಮಕ್ಕಳು, ಕೊಬ್ಬರಿ ಮಂಡಿಯಲ್ಲಿ ಕೆಲಸ ಮಾಡುವವರ ಮಕ್ಕಳು, ಆಟೋ ಓಡಿಸುವವರ ಮಕ್ಕಳು. ಹೆಚ್ಚಿನವರು ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಅಡ್ಮಿಷನ್ ಹೊತ್ತಿನಲ್ಲಿ ಅಪ್ಪ ಅಮ್ಮಂದಿರಿಗೆ ನಾನು ಹೇಳುವ ಮಾತನ್ನೇ ಇಲ್ಲಿ ಬರೆಯುತ್ತಿದ್ದೇನೆ. ಮಕ್ಕಳನ್ನೆಲ್ಲ ಸೈನ್ಸಿಗೆ ತಳ್ಳಿ ಎಂದು ಹೇಳುವುದಿಲ್ಲ. ಕಷ್ಟದ ವಿಷಯವನ್ನು ಬಿಡುವುದಾದರೆ ಒಂದು ಸಲ ರುಚಿ ನೋಡಿ ಬಿಡಲಿ, ಹೆದರಿ ಬಿಡುವುದು ಬೇಡ.

ಮೊದಲು ಬಾಗಿಲುಗಳ ವಿಚಾರ. ಪಿಸಿಎಂಬಿ (ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ, ಬಯಾಲಜಿ), ಪಿಸಿಎಂಸಿ (ಬಯಾಲಜಿ ಬದಲು ಕಂಪ್ಯೂಟರ್ ಸೈನ್ಸ್) ತಗೊಂಡವರು ಮುಂದೆ ಬಿಕಾಂಗೆ ಹೋಗಬಹುದು, ಬಿಎಗೆ ಹೋಗಬಹುದು, ಕಾನೂನು ಓದಬಹುದು. ಆರ್ಟ್ಸ್ ತಗೊಂಡವರು ಎರಡು ವರ್ಷ ಆದ ಮೇಲೆ ಎಂಜಿನಿಯರಿಂಗ್ ಅಂದರೆ ಸಿಇಟಿ (ರಾಜ್ಯದ ಪ್ರವೇಶ ಪರೀಕ್ಷೆ) ರ‍್ಯಾಂಕೇ ಬರುವುದಿಲ್ಲ. ಎನ್‌ಡಿಎ (ಸೇನಾ ಅಧಿಕಾರಿಗಳ ತರಬೇತಿ ಅಕಾಡೆಮಿ) ಮೂಲಕ ಏರ್‌ಫೋರ್ಸ್, ನೇವಿಗೆ ಹೋಗಲು ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ ಮೂರೂ ಬೇಕು. ಸೇನೆಗಾದರೆ ಯಾವ ವಿಭಾಗವಾದರೂ ನಡೆಯುತ್ತದೆ. ಡಾಕ್ಟರ್ ಓದಿಗೆ ಗಣಿತ ಕೇಳುವುದಿಲ್ಲ. ಅದರ ಪ್ರವೇಶ ಪರೀಕ್ಷೆ ನೀಟ್‌ನ 720 ಅಂಕದಲ್ಲಿ ಅರ್ಧ, ಅಂದರೆ 360, ಬಯಾಲಜಿಯದ್ದೇ. ಆದರೆ ನಮ್ಮ ಕಡೆ ಕಾಲೇಜುಗಳಲ್ಲಿ ಬಯಾಲಜಿ ಹೆಚ್ಚಾಗಿ ಸಿಗುವುದು ಪಿಸಿಎಂಬಿಯಲ್ಲಿ. ಬಿಎಸ್ಸಿ ಅಗ್ರಿಗೂ ಅದೇ ದಾರಿ. ಅಲ್ಲಿ ರೈತರ ಮಕ್ಕಳಿಗೆ ಮೀಸಲು ಸೀಟೂ ಇದೆ. ಇದನ್ನೆಲ್ಲ ಮಗುವಿನ ಮುಂದೆ ಬೆದರಿಕೆಯ ಹಾಗೆ ಹೇಳಬೇಡಿ. ಒಂದು ಹಾಳೆ ತಗೊಂಡು ಜೊತೆಗೆ ಕೂತು ಬರೆಯಿರಿ. ಯಾವ ಓದಿಗೆ ಏನು ಬೇಕು ಎಂದು ಅವರ ಕೈಯಲ್ಲೇ ಬರೆಸಿ.

ಕಾಮರ್ಸ್ ಅಂದ ತಕ್ಷಣ ಗಣಿತದ ಕಾಟ ತಪ್ಪಿತು ಅಂದುಕೊಳ್ಳುವವರು ಜಾಸ್ತಿ. ಅಲ್ಲೂ ಆಯ್ಕೆ ಇದೆ. ಅರ್ಥಶಾಸ್ತ್ರ, ಬಿಸಿನೆಸ್ ಸ್ಟಡೀಸ್, ಅಕೌಂಟೆನ್ಸಿ ಜೊತೆಗೆ ಬರುವ ನಾಲ್ಕನೇ ವಿಷಯ ಮಾತ್ರ ಬೇರೆ ಬೇರೆ. ಇತಿಹಾಸ ಇರುವ ಎಚ್‌ಇಬಿಎ ಇದೆ, ಸ್ಟ್ಯಾಟಿಸ್ಟಿಕ್ಸ್ ಇರುವ ಎಸ್‌ಇಬಿಎ ಇದೆ, ಕಂಪ್ಯೂಟರ್ ಸೈನ್ಸ್ ಇರುವ ಸಿಇಬಿಎ ಇದೆ. ಕೆಲವು ಕಾಲೇಜಿನಲ್ಲಿ ಬೇಸಿಕ್ ಮ್ಯಾತ್ಸ್ ಕೂಡ ಉಂಟು. ಮಕ್ಕಳು "ಸುಲಭ" ಎಂದು ಎಚ್‌ಇಬಿಎ ತಗೊಂಡು, ಆಮೇಲೆ "ಸಿಎ ಮಾಡ್ತೀನಿ ಮೇಡಂ" ಅಂತಾರೆ. ಸಿಎ, ಅಂದರೆ ಚಾರ್ಟರ್ಡ್ ಅಕೌಂಟೆಂಟ್ ಓದಿನ ಮೊದಲ ಹಂತವಾದ ಫೌಂಡೇಷನ್ ಪರೀಕ್ಷೆಯ ನಾಲ್ಕು ಪೇಪರಿನಲ್ಲಿ ಒಂದು ಪೂರ್ತಿ 100 ಅಂಕದ್ದು ಗಣಿತ, ಲಾಜಿಕಲ್ ರೀಸನಿಂಗ್, ಸ್ಟ್ಯಾಟಿಸ್ಟಿಕ್ಸ್. ಇತಿಹಾಸ ಓದಿದರೆ ತಪ್ಪೇನಿಲ್ಲ, ಇಷ್ಟಪಟ್ಟು ಓದಿದರೆ ಅದೂ ಗಟ್ಟಿ ವಿಷಯವೇ. ಸುಮ್ನೆ ಸುಲಭ ಅಂತ ತಗೋಬಾರದು, ಅಷ್ಟೇ.

ಈಗ ಮುಖ್ಯ ಕೆಲಸ. ಮಾರ್ಕ್ಸ್ ಕಾರ್ಡ್ ಪಕ್ಕಕ್ಕಿಡಿ, ಉತ್ತರ ಪತ್ರಿಕೆ ತರಿಸಿ. ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ಮೇಲೆ ಫೀಸ್ ಕಟ್ಟಿದರೆ ಬೋರ್ಡಿನಿಂದ ಉತ್ತರ ಪತ್ರಿಕೆಯ ಸ್ಕ್ಯಾನ್ ಪ್ರತಿ ಸಿಗುತ್ತದೆ. ಮರುಮೌಲ್ಯಮಾಪನಕ್ಕೆ ಹಾಕುವವರು ಮಾತ್ರ ಇದನ್ನು ತರಿಸುತ್ತಾರೆ. ನನ್ನ ಕೇಳಿದರೆ ಗಣಿತ ಬಿಡಬೇಕು ಅನ್ನುವ ಪ್ರತಿ ಮನೆಯವರೂ ತರಿಸಬೇಕು. ಅದಕ್ಕೆ ಹಾಕುವ ದುಡ್ಡು ಒಂದು ತಿಂಗಳ ಟ್ಯೂಷನ್ ಫೀಸಿಗಿಂತ ಉಪಯೋಗಕ್ಕೆ ಬರುತ್ತದೆ.

ಪತ್ರಿಕೆ ಬಂದ ಮೇಲೆ ಕಳೆದುಹೋದ ಅಂಕಗಳನ್ನು ಮೂರು ಗುಂಪು ಮಾಡಿ. ಗೊತ್ತಿದ್ದೂ ತಪ್ಪಾದದ್ದು, ಗೊತ್ತೇ ಇಲ್ಲದ್ದು, ಮುಟ್ಟದೇ ಬಿಟ್ಟದ್ದು. ಒಬ್ಬ ಹುಡುಗಿಯ ಪತ್ರಿಕೆ ನೋಡಿದಾಗ ಕಂಡದ್ದು ಇದು. ಲೆಕ್ಕದಲ್ಲಿ ಐದರಿಂದ "ಎಕ್ಸ್ ಮೈನಸ್ ಮೂರು" ಕಳೆಯಬೇಕಿತ್ತು. ಬ್ರಾಕೆಟ್ ಬಿಡಿಸುವಾಗ ಮೂರರ ಮುಂದೆ ಪ್ಲಸ್ ಬರಬೇಕು. ಅವಳು ಮೈನಸ್ಸನ್ನೇ ಇಟ್ಟಿದ್ದಳು. ಅಲ್ಲಿಂದ ಮುಂದೆ ಎಲ್ಲ ಹೆಜ್ಜೆಯೂ ಸರಿ, ಉತ್ತರ ಮಾತ್ರ ತಪ್ಪು. ಇನ್ನೊಂದು ಪುಟದಲ್ಲಿ ಬೇರೆ ಲೆಕ್ಕ, ಅದೇ ತಪ್ಪು. ಮತ್ತೊಂದು ಕಡೆಯೂ ಅದೇ. ಅದು ಹತ್ತನೇ ಕ್ಲಾಸಿನ ತೊಂದರೆಯೇ ಅಲ್ಲ. ಎಂಟನೇ ಕ್ಲಾಸಿನಲ್ಲಿ ಬ್ರಾಕೆಟ್ ಬಿಡಿಸುವಾಗ ಆದ ಗೊಂದಲ, ಯಾರೂ ತಿದ್ದದೆ ಹಾಗೇ ಉಳಿದುಬಿಟ್ಟಿತ್ತು. "ನಂಗೆ ಮ್ಯಾತ್ಸ್ ಬರಲ್ಲ ಮೇಡಂ" ಅನ್ನುತ್ತಿದ್ದ ಹುಡುಗಿಗೆ ಬರದೆ ಇದ್ದದ್ದು ಆ ಒಂದು ಬ್ರಾಕೆಟ್. ಒಂದು ವಾರ ಅದನ್ನೇ ಮಾಡಿಸಿದೆ. ಆ ತಪ್ಪು ಹೋಯಿತು.

ಗೊತ್ತೇ ಇಲ್ಲದ್ದು ಎನ್ನುವ ಗುಂಪು ದೊಡ್ಡದಿದ್ದರೆ ಹಳೆಯ ಮೇಷ್ಟ್ರನ್ನು ಕೇಳಿ. ಪ್ರಮೇಯವನ್ನು ಬಾಯಿಪಾಠ ಮಾಡಿ ಬರೆದು ಅಂಕ ತಗೊಂಡ ಮಕ್ಕಳಿರುತ್ತಾರೆ, ಅವರ ಮಾರ್ಕ್ಸ್ 80 ಇದ್ದರೂ ಪಿಯುಸಿಯಲ್ಲಿ ತಡವರಿಸುತ್ತಾರೆ. 60 ತಗೊಂಡು, ಪ್ರತಿ ಲೆಕ್ಕವನ್ನೂ ತಾನೇ ಮಾಡಿದ ಮಗು ನಿಧಾನವಾಗಿ ಹಿಡಿತಕ್ಕೆ ಬರುತ್ತದೆ. ಇದು ನಾನು ಕಣ್ಣಾರೆ ನೋಡುತ್ತಲೇ ಇರುವುದು.

ಮುಂದಿನ ಹೆಜ್ಜೆ ರುಚಿ ತೋರಿಸುವುದು. ಮೇ ತಿಂಗಳಲ್ಲಿ ಹೇಗಿದ್ದರೂ ರಜೆ. ಪಕ್ಕದ ಮನೆಯಲ್ಲೋ ನೆಂಟರಲ್ಲೋ ಯಾರದ್ದಾದರೂ ಹಳೆಯ ಫಸ್ಟ್ ಪಿಯುಸಿ ಗಣಿತ ಪುಸ್ತಕ ಸಿಗುತ್ತದೆ. ನಮ್ಮಲ್ಲಿ ಎನ್‌ಸಿಇಆರ್‌ಟಿ ಪುಸ್ತಕವೇ ನಡೆಯುವುದರಿಂದ ನೆಟ್‌ನಲ್ಲಿ ಬಿಟ್ಟಿಯಾಗಿಯೂ ಇಳಿಸಿಕೊಳ್ಳಬಹುದು. ಮೊದಲ ಪಾಠ ಗಣಗಳು, ಅಂದರೆ ಸೆಟ್ಸ್. ಪುಸ್ತಕ ತೆಗೆಯುವ ಮುಂಚೆ ಈ ಲೆಕ್ಕ ಹಾಕಿ ನೋಡಿ.

ಒಂದು ಊರಿನಲ್ಲಿ 40 ಮನೆ. 25 ಮನೆಯಲ್ಲಿ ಹಸು ಇದೆ, 18 ಮನೆಯಲ್ಲಿ ಮೇಕೆ ಇದೆ. 8 ಮನೆಯಲ್ಲಿ ಎರಡೂ ಇವೆ. ಎರಡೂ ಇಲ್ಲದ ಮನೆ ಎಷ್ಟು?

ಮಗು ಮೊದಲು 25ಕ್ಕೆ 18 ಕೂಡಿಸುತ್ತದೆ. 43 ಬರುತ್ತದೆ. ಊರಲ್ಲಿ ಇರುವುದೇ 40 ಮನೆ! ಆಗ ಸ್ವಲ್ಪ ಹೊತ್ತು ಸುಮ್ಮನಿರಿ. ದಯವಿಟ್ಟು ಬಾಯಿ ಹಾಕಬೇಡಿ. ಎರಡೂ ಸಾಕಿದ ಮನೆಯನ್ನು ಎರಡು ಸಲ ಎಣಿಸಿದ್ದೇವೆ ಎನ್ನುವುದು ಅವರಿಗೇ ಹೊಳೆಯಬೇಕು. ಹೊಳೆದ ಮೇಲೆ 43ರಲ್ಲಿ 8 ತೆಗೆದು 35, ಉಳಿದದ್ದು 5 ಮನೆ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದರೊಳಗೊಂದು ಸ್ವಲ್ಪ ಹೊಕ್ಕಿರುವ ಎರಡು ಸುತ್ತು ಹಾಕಿಸಿ, ಬರೀ ಹಸುವಿನ 17, ಬರೀ ಮೇಕೆಯ 10, ನಡುವೆ 8 ಬರೆಸಿ. ಪಿಯುಸಿ ಮೊದಲ ಪಾಠದ ತಿರುಳನ್ನು ಅವರು ಆಗಲೇ ಮಾಡಿ ಮುಗಿಸಿರುತ್ತಾರೆ. ಪುಸ್ತಕದಲ್ಲಿ ಅದೇ ವಿಷಯ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ವೇಷ ಹಾಕಿಕೊಂಡು ಕೂತಿದೆ ಎಂದು ಆಗ ತೋರಿಸಿ. ನಿಮಗೆ ಗಣಿತ ಬರದಿದ್ದರೂ ಈ ಲೆಕ್ಕಕ್ಕೆ ತೊಂದರೆ ಇಲ್ಲ. ಹಸು ಮೇಕೆ ಎಣಿಸಲು ಡಿಗ್ರಿ ಬೇಕಾ?

ಇದನ್ನು ಮಾಡುವಾಗ ಮಗುವಿನ ಮುಖ ನೋಡುತ್ತಿರಿ. ತಪ್ಪಾದಾಗ ಮತ್ತೆ ಪೆನ್ಸಿಲ್ ಎತ್ತಿಕೊಂಡರೆ ಗಣಿತ ತಗೊಳ್ಳಲಿ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ಬೇರೆ ಬೇರೆ ದಿನ ಕೂರಿಸಿದರೂ ಒಂದಿಷ್ಟೂ ಆಸೆ ಹುಟ್ಟದಿದ್ದರೆ ಅದೂ ಒಂದು ಉತ್ತರವೇ.

ಮಾತಾಡುವ ರೀತಿಯ ಬಗ್ಗೆ ಒಂದೆರಡು ಮಾತು. "ದೊಡ್ಡಪ್ಪನ ಮಗ ನೋಡು" ಎನ್ನುವ ಸಾಲನ್ನು ಮನೆಯಿಂದಲೇ ಓಡಿಸಿ. ನೆಂಟರ ಮದುವೆಯಲ್ಲಿ ಈ ಚರ್ಚೆ ಬೇಡ. "ನೀನು ಜಾಣೆ, ಆಗುತ್ತೆ" ಎಂದು ಹೊಗಳುವುದೂ ಅಷ್ಟೇನೂ ಕೆಲಸ ಮಾಡುವುದಿಲ್ಲ. ಮೊದಲ ಟೆಸ್ಟಿನಲ್ಲಿ ಕಡಿಮೆ ಬಂದ ಕೂಡಲೇ ಅವರಿಗೆ "ಹಾಗಾದರೆ ನಾನು ಜಾಣೆ ಅಲ್ಲ" ಅನ್ನಿಸಿಬಿಡುತ್ತದೆ. ಅದರ ಬದಲು ಕಂಡದ್ದನ್ನು ಹೇಳಿ: "ನಿನ್ನೆ ಆ ಲೆಕ್ಕಕ್ಕೆ ಅರ್ಧ ಗಂಟೆ ಕೂತೆ ಅಲ್ವಾ?" ಅಪ್ಪಂದಿರು ಇನ್ನೊಂದು ತಪ್ಪು ಮಾಡುತ್ತಾರೆ. "ನಂಗೂ ಗಣಿತ ಬರ್ತಿರಲಿಲ್ಲ ಬಿಡು" ಎಂದು ಸಮಾಧಾನ ಹೇಳುತ್ತಾರೆ. ಪ್ರೀತಿಯಿಂದಲೇ ಹೇಳುವುದು, ನಿಜ. ಮಗುವಿಗೆ ಮಾತ್ರ ಅದು ಬಿಡಲು ಕೊಟ್ಟ ಪರ್ಮಿಷನ್ ಹಾಗೆ ಕೇಳಿಸುತ್ತದೆ.

ಕನ್ನಡ ಮೀಡಿಯಂನಿಂದ ಬರುವ ಮಕ್ಕಳಿಗೆ ಜೂನ್, ಜುಲೈ ತುಂಬಾ ಕಷ್ಟ. ಪಾಠ ಅರ್ಥವಾಗದೆ ಅಲ್ಲ, ಹೆಸರುಗಳು ಗೊತ್ತಾಗದೆ. ಸಮಾಂತರ ಶ್ರೇಢಿಯನ್ನು ಚೆನ್ನಾಗಿ ಮಾಡಿದ ಹುಡುಗ ಅರಿತ್ಮೆಟಿಕ್ ಪ್ರೊಗ್ರೆಷನ್ ಅಂದರೆ ಪಿಳಿಪಿಳಿ ನೋಡುತ್ತಾನೆ. ರಜೆಯಲ್ಲೇ ಒಂದು ಚಿಕ್ಕ ನೋಟ್‌ಬುಕ್ ಮಾಡಿಸಿ. ಎಡಗಡೆ ಕನ್ನಡ, ಬಲಗಡೆ ಇಂಗ್ಲಿಷ್, ದಿನಕ್ಕೆ ಐದು ಪದ ಸಾಕು. ಇನ್ನೊಂದು ಸಂಗತಿ ಎಷ್ಟೋ ಜನಕ್ಕೆ ಗೊತ್ತಿಲ್ಲ. ನೀಟ್ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು, ರಾಷ್ಟ್ರಮಟ್ಟದ ಎಂಜಿನಿಯರಿಂಗ್ ಪ್ರವೇಶ ಪರೀಕ್ಷೆ ಜೆಇಇ ಮೇನ್ 2021ರಿಂದ ಕನ್ನಡದಲ್ಲೂ ಇದೆ. ಸಿಇಟಿ ಸೀಟು ಹಂಚುವಾಗ ಒಂದರಿಂದ ಹತ್ತರವರೆಗೆ ಕನ್ನಡ ಮೀಡಿಯಂನಲ್ಲಿ ಓದಿದವರಿಗೆ 5%, ಹಳ್ಳಿಯಲ್ಲಿ ಓದಿದವರಿಗೆ 15% ಮೀಸಲಾತಿ ಇದೆ. ಅದಕ್ಕೆ ಬೇಕಾದ ವ್ಯಾಸಂಗ ಪ್ರಮಾಣಪತ್ರಕ್ಕೆ ಹೆಡ್‌ಮಾಸ್ಟರ್ ಸಹಿಯ ಜೊತೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿಯೂ ಬೇಕು. ಟಿಸಿ ತರಲು ಹೋದಾಗಲೇ ಕೇಳಿಕೊಂಡು ಬನ್ನಿ. ಎರಡು ವರ್ಷ ಆದ ಮೇಲೆ ಓಡಾಡುವುದು ಬೇಡ.

ಹೆಣ್ಣುಮಕ್ಕಳ ವಿಷಯದಲ್ಲಿ ಎಷ್ಟೋ ಸಲ ತಡೆ ಇರುವುದು ಬಸ್ಸಿನಲ್ಲಿ. ಸೈನ್ಸ್ ಅಂದರೆ ಮಧ್ಯಾಹ್ನ ಲ್ಯಾಬ್. ಲ್ಯಾಬ್ ಮುಗಿಯುವ ಹೊತ್ತಿಗೆ ಊರಿನ ಬಸ್ ಹೋಗಿಬಿಟ್ಟಿರುತ್ತದೆ. ಅಪ್ಪ ಅದನ್ನು ಬಾಯಿಬಿಟ್ಟು ಹೇಳದೆ "ಆರ್ಟ್ಸ್ ಸಾಕು" ಅಂದುಬಿಡುತ್ತಾರೆ. ಶಕ್ತಿ ಯೋಜನೆ ಬಂದ ಮೇಲೆ ಟಿಕೆಟ್ ಚಿಂತೆ ತಪ್ಪಿದೆ, ಬಸ್ಸೇ ಇಲ್ಲದಿದ್ದರೆ ಫ್ರೀ ಟಿಕೆಟ್ ತಗೊಂಡು ಏನು ಮಾಡುವುದು? ಇಂಥದ್ದಿದ್ದರೆ ನಮಗೆ ನೇರವಾಗಿ ಹೇಳಿ. ಲ್ಯಾಬ್ ಬ್ಯಾಚ್ ಬದಲಿಸಿಕೊಡಲು ಆಗುತ್ತದೆ. ಒಂದೇ ಕಡೆಯ ನಾಲ್ಕು ಮಕ್ಕಳನ್ನು ಒಂದೇ ಬ್ಯಾಚಿಗೆ ಹಾಕಿದರೆ ಜೊತೆಯಾಗಿ ಹೋಗುತ್ತಾರೆ. ಬಸ್ಸಿನ ತೊಂದರೆಗೆ ಮಗಳ ತಲೆಯನ್ನು ದೂರಬೇಡಿ.

ಮೊದಲ ಟೆಸ್ಟಿಗೆ ನೀವೇ ತಯಾರಾಗಿರಿ. ಎಸ್ಸೆಸ್ಸೆಲ್ಸಿಯಲ್ಲಿ 85 ತಗೊಂಡವರು ಫಸ್ಟ್ ಪಿಯುಸಿ ಮೊದಲ ಟೆಸ್ಟಿನಲ್ಲಿ ಅರ್ಧ ಅಂಕವೂ ತಗೊಳ್ಳದೆ ಬರುತ್ತಾರೆ. ಇದು ಮಾಮೂಲು. ಆ ವಾರ ಮನೆಯಲ್ಲಿ ಯಾವ ನಿರ್ಧಾರವೂ ಬೇಡ. ಪತ್ರಿಕೆ ತರಿಸಿ, ಮತ್ತೆ ಅದೇ ಮೂರು ಗುಂಪು ಮಾಡಿ, ಹಿಡಿದುಕೊಂಡು ನಮ್ಮ ಹತ್ತಿರ ಬರಲಿ. ಸ್ಟಾಫ್ ರೂಮಿಗೆ ಬರಲು ಮಕ್ಕಳಿಗೆ ನಾಚಿಕೆ, ಒಬ್ಬರ ಹಿಂದೆ ಒಬ್ಬರು ಅವಿತುಕೊಂಡು ನಿಲ್ಲುತ್ತಾರೆ. ಜೊತೆಗೆ ಒಬ್ಬ ಗೆಳತಿಯನ್ನು ಕರೆದುಕೊಂಡು ಬಾ ಅಂತ ನೀವೇ ಹೇಳಿ ಕಳಿಸಿ.

ಒಂದು ಸಲ ಕೈಕೊಟ್ಟರೆ ಬದುಕೇ ಹೋಯಿತು ಎನ್ನುವ ಹೆದರಿಕೆಯನ್ನೂ ತೆಗೆಯಬೇಕು. ಸೆಕೆಂಡ್ ಪಿಯುಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ನಡೆಯುತ್ತವೆ, ಜಾಸ್ತಿ ಬಂದ ಅಂಕವನ್ನು ಇಟ್ಟುಕೊಳ್ಳಬಹುದು. ಎಂಜಿನಿಯರಿಂಗ್ ರ‍್ಯಾಂಕಿಗೆ ಅರ್ಧ ಲೆಕ್ಕ ಪಿಯುಸಿಯ ಫಿಸಿಕ್ಸ್, ಕೆಮಿಸ್ಟ್ರಿ, ಗಣಿತದ ಅಂಕ, ಇನ್ನರ್ಧ ಸಿಇಟಿ ಅಂಕ. ಸಿಇಟಿಯಲ್ಲಿ ಒಂದೊಂದು ವಿಷಯಕ್ಕೆ 60 ಪ್ರಶ್ನೆ, ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಹಾಗಾಗಿ ದಿನವೂ ಕ್ಲಾಸಿನಲ್ಲಿ ಕೂತು ನೋಟ್ಸ್ ಬರೆದು, ಲೆಕ್ಕ ಮಾಡಿದ ಮಗುವಿಗೆ ಅದರ ಪಾಲು ಸಿಕ್ಕೇ ಸಿಗುತ್ತದೆ. ಬಸ್‌ಸ್ಟ್ಯಾಂಡ್ ತುಂಬಾ ರ‍್ಯಾಂಕಿನವರ ಫೋಟೋ ಹಾಕುವ ಕೋಚಿಂಗ್ ಫ್ಲೆಕ್ಸ್ ನೋಡಿ ಸಾಲ ಮಾಡಬೇಡಿ. ಬೆಳಗ್ಗೆ ಆರಕ್ಕೆ ಹೋಗಿ ರಾತ್ರಿ ಒಂಬತ್ತಕ್ಕೆ ಬರುವ ಮಗು ಯಾವಾಗ ಯೋಚನೆ ಮಾಡುತ್ತದೆ, ನೀವೇ ಹೇಳಿ.

ಇಷ್ಟೆಲ್ಲ ಮಾಡಿಯೂ ಬೇಡ ಅಂದರೆ ಬಿಡಿ. ಊಟ ಬಿಡುವುದು, ನಿದ್ದೆ ಕೆಡುವುದು, ಕಾಲೇಜಿಗೆ ಹೊರಡುವಾಗ ದಿನಾ ಹೊಟ್ಟೆನೋವು, ಇವು ಕಂಡರೆ ಅಂಕಕ್ಕಾಗಿ ಕಾಯುತ್ತಾ ಕೂರಬೇಡಿ. ಆರ್ಟ್ಸಿಗೆ ಹೋದರೂ ಐಚ್ಛಿಕ ಕನ್ನಡ, ಅರ್ಥಶಾಸ್ತ್ರದಂಥ ಗಟ್ಟಿ ವಿಷಯ ತಗೊಳ್ಳಲಿ, ಅಲ್ಲೂ ಇದೇ ರೀತಿ ಮೊದಲ ಪಾಠ ಓದಿಸಿ ನೋಡಿ. ಕಾಂಬಿನೇಷನ್ ಬದಲಿಸುವುದಕ್ಕೆ ಫಸ್ಟ್ ಪಿಯುಸಿಯ ಶುರುವಿನಲ್ಲಿ ಮಾತ್ರ ಅವಕಾಶ ಇರುತ್ತದೆ, ಅದೂ ಸೀಟು ಖಾಲಿ ಇದ್ದರೆ. ಗಣಿತದಿಂದ ಆಚೆ ಹೋಗುವುದು ಸುಲಭ, ಆಚೆಯಿಂದ ಗಣಿತಕ್ಕೆ ಬರುವುದು ಕಷ್ಟ. ಏಕೆಂದರೆ ಅಷ್ಟರಲ್ಲಿ ಎರಡು ಮೂರು ಪಾಠ ಮುಗಿದಿರುತ್ತವೆ. ಅಡ್ಮಿಷನ್ ದಿನವೇ ಆ ಕೊನೇ ತಾರೀಕು ಕೇಳಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಅಲ್ಲಿಯವರೆಗೆ ಮಗುವಿಗೆ "ಬಿಡ್ತೀಯಾ, ಇರ್ತೀಯಾ" ಎಂದು ಕೇಳದೆ ಇರಿ.