ಹೊಲದಲ್ಲಿ ಗುರುತು ಸಿಗದ ಹುಳು ಕಂಡರೆ ಯಾರಿಗೆ, ಹೇಗೆ ತಿಳಿಸಬೇಕು

2018ರ ಮೇ ತಿಂಗಳಲ್ಲಿ ಶಿವಮೊಗ್ಗದ ಮೆಕ್ಕೆಜೋಳದಲ್ಲಿ ಫಾಲ್ ಸೈನಿಕ ಹುಳು ಸಿಕ್ಕಿತು. ಭಾರತದಲ್ಲಿ ಅದು ಕಂಡದ್ದು ಅದೇ ಮೊದಲು. ಅಮೆರಿಕ ಖಂಡದ ಈ ಕೀಟ ಆ ವರ್ಷ ಮುಗಿಯುವುದರೊಳಗೆ ಆಂಧ್ರ, ತೆಲಂಗಾಣ, ತಮಿಳುನಾಡು, ಮಹಾರಾಷ್ಟ್ರದ ಹೊಲಗಳನ್ನೂ ಹೊಕ್ಕಿತ್ತು. ಇದರ ಪತಂಗ ಒಂದೇ ರಾತ್ರಿಯಲ್ಲಿ ನೂರು ಕಿಲೋಮೀಟರ್‌ವರೆಗೆ ಹಾರಬಲ್ಲದು. ಅದಕ್ಕೇ ಹೊಸ ಹುಳು ಕಂಡ ದಿನವೇ ತಿಳಿಸಿ, ಸಂತೆ ಮುಗಿಸಿ ಬಂದು ನೋಡೋಣ ಎನ್ನಬೇಡಿ.

ಔಷಧಿ ಹೊಡೆಯುವ ಮೊದಲು ಫೋಟೊ ತೆಗೆಯಿರಿ. ಸತ್ತು ಸುರುಟಿದ ಹುಳುವಿನಲ್ಲಿ ಗುರುತು ಅಳಿಸಿಹೋಗಿರುತ್ತದೆ.

ಇಡೀ ಹೊಲದ ಹತ್ತು ಫೋಟೊಗಿಂತ ಹುಳುವಿನ ತಲೆಯ ಒಂದು ಸ್ಪಷ್ಟ ಫೋಟೊ ಮೇಲು. ಸೈನಿಕ ಹುಳುವನ್ನೇ ನೋಡಿ: ಜೋಳದ ಸುಳಿ ಬಿಡಿಸಿದರೆ ಒದ್ದೆ ಮರದ ಹೊಟ್ಟಿನಂಥ ಹಿಕ್ಕೆ, ಅದರ ಕೆಳಗೆ ಹುಳು. ತಲೆಯ ಮುಂದೆ ತಲೆಕೆಳಗಾದ ‘ವೈ’ ಅಕ್ಷರದ ಗೆರೆ. ಬಾಲದ ಕಡೆ, ಕೊನೆಯದರ ಹಿಂದಿನ ಉಂಗುರದ ಮೇಲೆ ಚೌಕದ ಮೂಲೆಗಳಲ್ಲಿಟ್ಟಂತೆ ನಾಲ್ಕು ಕಪ್ಪು ಚುಕ್ಕೆ. ಎಳೆ ಮರಿಯಲ್ಲಿ ಇವು ಸರಿಯಾಗಿ ಕಾಣುವುದಿಲ್ಲ, ಬಲಿತದ್ದನ್ನೇ ಹುಡುಕಿ. ತಲೆ, ಬೆನ್ನು, ಪಕ್ಕ, ಜೊತೆಗೆ ತಿಂದ ಎಲೆ, ಇವಿಷ್ಟರ ಫೋಟೊ ತೆಗೆಯಿರಿ. ಅಳತೆ ತಿಳಿಯಲು ಪಕ್ಕದಲ್ಲೊಂದು ನಾಣ್ಯ ಇಡಿ. ಬಿಳಿನೊಣ, ಹಿಟ್ಟುತಿಗಣೆಯಾದರೆ ಎಲೆಯ ತಳಭಾಗ ತೆಗೆಯಿರಿ.

ಇಲ್ಲಿ ಬಹಳ ಜನ ಎಡವುತ್ತಾರೆ: ವಾಟ್ಸಾಪ್‌ನಲ್ಲಿ ಫೋಟೊ ಎಂದು ಕಳಿಸಿದರೆ ಅದು ಕುಗ್ಗುತ್ತದೆ, ಒಳಗಿನ ಸ್ಥಳದ ಮಾಹಿತಿಯೂ ಹೋಗುತ್ತದೆ. ‘ಡಾಕ್ಯುಮೆಂಟ್’ ಎಂದು ಕಳಿಸಿ. ಊರು, ಹೋಬಳಿ, ತಾಲ್ಲೂಕು, ದಿನಾಂಕ, ಬೆಳೆ, ಬಿತ್ತಿ ಎಷ್ಟು ದಿನ, ನೂರು ಗಿಡದಲ್ಲಿ ಎಷ್ಟಕ್ಕೆ ತಗುಲಿದೆ ಎಂಬುದನ್ನೂ ಬರೆಯಿರಿ. ‘ತುಂಬಾ ಇದೆ’ ಎಂದರೆ ಓದುವವರಿಗೆ ಏನೂ ತಿಳಿಯುವುದಿಲ್ಲ.

ಫೋಟೊ ನೋಡಿದವರು ಮಾದರಿ ಬೇಕೆಂದರೆ ಐದಾರು ಹುಳುಗಳನ್ನು ಕುದಿನೀರಿಗೆ ಅರ್ಧ ನಿಮಿಷ ಹಾಕಿ, ನಂತರ 70% ಆಲ್ಕೋಹಾಲ್ ಇರುವ ಚಿಕ್ಕ ಸೀಸೆಗೆ ಬಿಡಿ. ಹಸಿಯಾಗಿ ನೇರ ಹಾಕಿದರೆ ಕಪ್ಪಾಗಿ ಗುರುತು ಮಸುಕಾಗುತ್ತದೆ. ವಿವರದ ಚೀಟಿಯನ್ನು ಪೆನ್ಸಿಲ್‌ನಲ್ಲಿ ಬರೆದು ಸೀಸೆಯ ಒಳಗೇ ಇಡಿ. ಪೆನ್ನಿನ ಶಾಯಿ ಕರಗುತ್ತದೆ. ಜೀವಂತ ಹುಳುವನ್ನಾಗಲಿ, ಮುತ್ತಿದ ಗಿಡವನ್ನಾಗಲಿ ಬಸ್ಸಿನಲ್ಲಿ ಪೇಟೆಗೆ ಒಯ್ಯಬೇಡಿ. ಹುಳು ತೋರಿಸಲು ಹೋಗಿ ಅದನ್ನೇ ಹರಡಿಬಂದಂತಾಗುತ್ತದೆ.

ಮೊದಲು ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಅಥವಾ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರಕ್ಕೆ ತಿಳಿಸಿ. ಕಿಸಾನ್ ಕಾಲ್ ಸೆಂಟರ್ 1800-180-1551ರಲ್ಲಿ ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ ಕನ್ನಡದಲ್ಲೇ ಮಾತಾಡಬಹುದು. ಅಲ್ಲಿ ಗುರುತು ಸಿಗದಿದ್ದರೆ ಮಾದರಿಯನ್ನು ಬೆಂಗಳೂರಿನ ಹೆಬ್ಬಾಳದ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋಗೆ ಕಳಿಸಲು ಕೇಳಿ.

ಉತ್ತರ ಬರುವವರೆಗೆ ಆ ಹೊಲದ ಹಸಿ ಮೇವನ್ನು, ಸಸಿಗಳನ್ನು ಯಾರಿಗೂ ಕೊಡಬೇಡಿ.