ಪೆಟ್ಟಿಗೆಯಲ್ಲಿ ಕೆಡದೆ, ಕೊಳಚೆ ನೀರಿನಲ್ಲಿ ಕೊಳೆಯುವ ಡ್ರೈಯರ್ ಮೃದುಕಾರಕವನ್ನು ರೂಪಿಸುವ ವಿಧಾನ

ಬಟ್ಟೆ ಒಣಗಿಸುವ ಯಂತ್ರಕ್ಕೆ ಒದ್ದೆ ಬಟ್ಟೆಗಳ ಜೊತೆ ಹಾಕುವ ಮೃದುಕಾರಕ ಹಾಳೆಯು ನೋಡಲು ಸರಳವಾದ ವಸ್ತು. ನೇಯದ ತೆಳು ಬಟ್ಟೆಯೊಂದರ ಮೇಲೆ ಮೇಣದಂತಹ ಲೇಪವಿರುತ್ತದೆ. ಯಂತ್ರ ಬಿಸಿಯಾದಂತೆ ಈ ಲೇಪವು ಮೆತ್ತಗಾಗಿ, ಉರುಳುತ್ತಿರುವ ಬಟ್ಟೆಗಳಿಗೆ ಉಜ್ಜಿಕೊಂಡು, ನಾರುಗಳ ಮೇಲೆ ಅತಿ ತೆಳುವಾದ ಪದರವಾಗಿ ಹರಡಿಕೊಳ್ಳುತ್ತದೆ. ಆ ಪದರ ನಾರುಗಳ ನಡುವಿನ ಘರ್ಷಣೆಯನ್ನು ತಗ್ಗಿಸುವುದರಿಂದ ಬಟ್ಟೆ ಮೃದುವಾಗುತ್ತದೆ. ಅದರಲ್ಲಿರುವ ಧನ ಅಯಾನುಗಳು ಮೇಲ್ಮೈಯಲ್ಲಿ ವಿದ್ಯುತ್ ಹರಿಯಲು ದಾರಿ ಮಾಡಿಕೊಡುವುದರಿಂದ ಪಾಲಿಯೆಸ್ಟರ್, ನೈಲಾನ್ ಬಟ್ಟೆಗಳು ಸ್ಥಿರ ವಿದ್ಯುತ್ತಿನಿಂದ ಒಂದಕ್ಕೊಂದು ಅಂಟಿಕೊಳ್ಳುವುದಿಲ್ಲ.

ಹಲವು ದಶಕಗಳ ಕಾಲ ಈ ಕೆಲಸಕ್ಕೆ ಬಳಕೆಯಾದದ್ದು ಎರಡು ಉದ್ದನೆಯ ಕೊಬ್ಬಿನ ಸರಪಳಿಗಳನ್ನು ಸಾರಜನಕಕ್ಕೆ ನೇರವಾಗಿ ಜೋಡಿಸಿದ ಕ್ವಾಟರ್ನರಿ ಅಮೋನಿಯಂ ಲವಣಗಳು, ಅಂದರೆ ಸಾರಜನಕಕ್ಕೆ ನಾಲ್ಕು ಇಂಗಾಲದ ಕೊಂಡಿಗಳಿದ್ದು ಸದಾ ಧನ ಆವೇಶ ಹೊತ್ತಿರುವ ಲವಣಗಳು. ಅವು ಬಿಸಿಗೂ ತೇವಕ್ಕೂ ಜಗ್ಗುತ್ತಿರಲಿಲ್ಲ, ಆದರೆ ನೀರಿಗೆ ಸೇರಿದ ಮೇಲೂ ಅಷ್ಟೇ ಗಟ್ಟಿಯಾಗಿ ಉಳಿಯುತ್ತಿದ್ದವು. ಜಲಚರಗಳಿಗೆ ಅವುಗಳಿಂದ ಆಗುವ ಹಾನಿಯ ಕಾರಣದಿಂದ 1990ರ ದಶಕದ ಆರಂಭದಲ್ಲಿ ಯುರೋಪಿನ ತಯಾರಕರು ಅವುಗಳನ್ನು ಬಿಟ್ಟು ಎಸ್ಟರ್‌ಕ್ವಾಟ್‌ಗಳತ್ತ ಹೊರಳಿದರು. ಎಸ್ಟರ್‌ಕ್ವಾಟ್‌ನಲ್ಲಿ ಕೊಬ್ಬಿನ ಸರಪಳಿಗೂ ಸಾರಜನಕದ ತಲೆಗೂ ನಡುವೆ ಒಂದು ಎಸ್ಟರ್ ಬಂಧ (ಆಮ್ಲವೂ ಆಲ್ಕೋಹಾಲೂ ಸೇರಿ ಆಗುವ ಕೊಂಡಿ) ಇರುತ್ತದೆ. ನೀರು ಆ ಬಂಧವನ್ನು ಒಡೆದಾಗ ಒಂದು ಕಡೆ ಸಾಧಾರಣ ಕೊಬ್ಬಿನಾಮ್ಲವೂ ಇನ್ನೊಂದು ಕಡೆ ನೀರಿನಲ್ಲಿ ಕರಗುವ ಚಿಕ್ಕ ಅಣುವೂ ಉಳಿಯುತ್ತವೆ. ಎರಡನ್ನೂ ಸೂಕ್ಷ್ಮಜೀವಿಗಳು ಅರಗಿಸಿಕೊಳ್ಳುತ್ತವೆ.

ಈ ಉತ್ಪನ್ನವನ್ನು ರೂಪಿಸಲು ಹೊರಡುವವರು ಮೊದಲು ಮನಸ್ಸಿಗೆ ತಂದುಕೊಳ್ಳಬೇಕಾದ ಸಂಗತಿ ಇಲ್ಲಿದೆ. ಕೊಳಚೆ ನೀರಿನಲ್ಲಿ ಅಣುವನ್ನು ಬಿಡಿಸುವುದೂ ಅದೇ ಎಸ್ಟರ್ ಬಂಧ, ಕರಗಿಸುವ ಪಾತ್ರೆಯಲ್ಲೋ ಉಗ್ರಾಣದಲ್ಲೋ ಉತ್ಪನ್ನವನ್ನು ಕೆಡಿಸುವುದೂ ಅದೇ ಬಂಧ. ಆದ್ದರಿಂದ ಬಂಧವನ್ನು ಬಲಪಡಿಸಲು ಹೆಣಗುವುದು ಗುರಿಗೆ ವಿರುದ್ಧವಾದ ದಾರಿ. ಬಟ್ಟೆಯನ್ನು ತಲುಪುವವರೆಗೆ ನೀರನ್ನು ಅದರ ಹತ್ತಿರ ಬಿಡದಿರುವುದೇ ಇಡೀ ಕೆಲಸದ ತಿರುಳು.

ಮೂಲವಸ್ತುವಿನ ಆಯ್ಕೆ

ಎಸ್ಟರ್‌ಕ್ವಾಟ್ ಅನ್ನು ನೀವೇ ಸಂಶ್ಲೇಷಿಸಲು ಹೋಗಬೇಡಿ. ಅದರ ಕೊನೆಯ ಹಂತದಲ್ಲಿ ಸಾಮಾನ್ಯವಾಗಿ ಬಳಸುವ ಡೈಮೀಥೈಲ್ ಸಲ್ಫೇಟ್ ತೀವ್ರ ವಿಷಕಾರಿಯಾದ, ಕ್ಯಾನ್ಸರ್‌ಕಾರಕವೆಂದು ಪರಿಗಣಿಸಲಾದ ರಾಸಾಯನಿಕ. ಮುಚ್ಚಿದ ಕೈಗಾರಿಕಾ ರಿಯಾಕ್ಟರ್‌ಗಳ ಹೊರಗೆ ಅದಕ್ಕೆ ಸ್ಥಾನವಿಲ್ಲ. ಸಿದ್ಧ ಎಸ್ಟರ್‌ಕ್ವಾಟ್ ಕೊಳ್ಳುವಾಗ ಮೂರು ವಿಷಯಗಳನ್ನು ವಿಚಾರಿಸಿ. ಮೊದಲನೆಯದು ಅಯೋಡಿನ್ ಮೌಲ್ಯ, ಅಂದರೆ ಕೊಬ್ಬಿನಲ್ಲಿರುವ ದ್ವಿಬಂಧಗಳ ಅಳತೆ: ಅದು ಕಡಿಮೆಯಿದ್ದಷ್ಟೂ ಕೊಬ್ಬಿನ ಸರಪಳಿ ಹೆಚ್ಚು ಪರ್ಯಾಪ್ತವಾಗಿದ್ದು, ಲೇಪ ಗಟ್ಟಿಯಾಗಿ, ಕೈಗೆ ಜಿಡ್ಡಾಗದೆ, ಗಾಳಿಯ ಆಮ್ಲಜನಕಕ್ಕೆ ಸುಲಭವಾಗಿ ಕಮಟಾಗದೆ ಉಳಿಯುತ್ತದೆ. ಎರಡನೆಯದು ದ್ರಾವಕ: ಮಾರುಕಟ್ಟೆಯ ಅನೇಕ ಶ್ರೇಣಿಗಳಲ್ಲಿ ಐಸೊಪ್ರೊಪನಾಲ್ ಇರುತ್ತದೆ, ಅದು ಬೆಂಕಿಗೆ ಸುಲಭವಾಗಿ ತುತ್ತಾಗುವುದಲ್ಲದೆ ಬಿಸಿಯಲ್ಲಿ ಎಸ್ಟರ್ ಬಂಧದೊಡನೆ ತಾನೇ ವರ್ತಿಸಬಲ್ಲದು. ಡ್ರೈಯರ್ ಹಾಳೆಗೆ, ದ್ರಾವಕದ ಬದಲು ಕರಗಿದ ಸ್ಟಿಯರಿಕ್ ಆಮ್ಲದಲ್ಲೇ ತಯಾರಿಸಿದ ಶ್ರೇಣಿಯೇ ಸರಿಯಾದದ್ದು. ಮೂರನೆಯದು ನೀರಿನ ಅಂಶ, ಅದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕಾಗುತ್ತದೆ.

ನೀರಿನ ಲೆಕ್ಕ

ಒಂದು ಮಾದರಿ ಎಸ್ಟರ್‌ಕ್ವಾಟ್ ಆದ, ಎರಡು ಸ್ಟಿಯರಿಕ್ ಸರಪಳಿಗಳಿರುವ ಡೈಮೀಥೈಲ್ ಅಮೋನಿಯಂ ಡೈಎಸ್ಟರ್ ಕ್ಲೋರೈಡ್‌ನ ಮೋಲಾರ್ ದ್ರವ್ಯರಾಶಿ (ಒಂದು ಮೋಲ್, ಅಂದರೆ ನಿಗದಿತ ಸಂಖ್ಯೆಯ ಅಣುಗಳ ತೂಕ) ಸುಮಾರು 703 ಗ್ರಾಂ; ನೀರಿನದು 18 ಗ್ರಾಂ. ಒಂದು ಎಸ್ಟರ್ ಬಂಧ ಒಡೆಯಲು ನೀರಿನ ಒಂದೇ ಅಣು ಸಾಕು. ಅಂದರೆ 100 ಗ್ರಾಂ ಮಿಶ್ರಣದಲ್ಲಿ ಕೇವಲ 0.1 ಗ್ರಾಂ ನೀರಿದ್ದರೂ ಅದು ಪೂರ್ತಿ ವರ್ತಿಸಿದರೆ 4 ಗ್ರಾಂನಷ್ಟು ಡೈಎಸ್ಟರ್ ಕೆಲಸಕ್ಕೆ ಹೆಚ್ಚು ಬಾರದ ಮಾನೊಎಸ್ಟರ್ (ಒಂದೇ ಸರಪಳಿ ಉಳಿದ ಅಣು) ಆಗಿಬಿಡುತ್ತದೆ. ಒಣಗಿದ ಪುಡಿ ಎಂದು ನಾವು ನಂಬುವ ಬೆಂಟೊನೈಟ್ ಜೇಡಿಯನ್ನೇ ತೆಗೆದುಕೊಳ್ಳಿ. ಲೇಪದ ಸ್ನಿಗ್ಧತೆಯನ್ನು ಹಿಡಿತದಲ್ಲಿಡಲು 100 ಗ್ರಾಂಗೆ 4 ಗ್ರಾಂ ಜೇಡಿ ಹಾಕಿದಿರಿ, ಅದರಲ್ಲಿ ಶೇಕಡ 8ರಷ್ಟು ತೇವವಿತ್ತು ಎನ್ನೋಣ, ಅಷ್ಟರಿಂದಲೇ 0.32 ಗ್ರಾಂ ನೀರು ಒಳಸೇರಿತು, ಅದು 12 ಗ್ರಾಂ ಡೈಎಸ್ಟರ್ ಅನ್ನು ಒಡೆಯಲು ಸಾಕು. ಎಲ್ಲ ನೀರೂ ಒಮ್ಮೆಲೇ ವರ್ತಿಸುವುದಿಲ್ಲ ಎಂಬುದು ನಿಜ, ಆದರೆ ಉಗ್ರಾಣದ ತಿಂಗಳುಗಟ್ಟಲೆ ಕಾಲ ಅದರ ಪರವಾಗಿರುತ್ತದೆ. ಆದಕಾರಣ ಜೇಡಿಯನ್ನು 105ರಿಂದ 110 ಡಿಗ್ರಿ ಸೆಲ್ಸಿಯಸ್‌ನಲ್ಲಿ ತೂಕ ಸ್ಥಿರವಾಗುವವರೆಗೆ ಒಣಗಿಸಿ, ಮುಚ್ಚಿದ ಪಾತ್ರೆಯಲ್ಲಿ ಆರಿಸಿ, ತಡಮಾಡದೆ ಬಳಸಬೇಕು. ಪ್ರತಿ ಕಚ್ಚಾವಸ್ತುವಿನ ನೀರನ್ನೂ ಕಾರ್ಲ್ ಫಿಶರ್ ಅನುಮಾಪನ ಎಂಬ, ಅಲ್ಪ ನೀರನ್ನೂ ಪತ್ತೆಹಚ್ಚುವ ರಾಸಾಯನಿಕ ಪರೀಕ್ಷೆಯಿಂದ ಅಳೆದು ಬರೆದಿಟ್ಟುಕೊಳ್ಳುವುದನ್ನು ನಾನು ಅನಿವಾರ್ಯವೆಂದೇ ಪರಿಗಣಿಸುತ್ತೇನೆ.

ದ್ರವರೂಪದ ಮೃದುಕಾರಕಗಳಲ್ಲಿ ಎಸ್ಟರ್ ಬಂಧವನ್ನು ಕಾಯಲು ಪಿಎಚ್ ಅನ್ನು 3ರ ಆಸುಪಾಸಿನಲ್ಲಿ ಇಡುತ್ತಾರೆ. ನೀರೇ ಇಲ್ಲದ ಘನ ಲೇಪಕ್ಕೆ ಆ ಅಳತೆ ಅನ್ವಯಿಸುವುದಿಲ್ಲ; ಆದರೂ ಕ್ಷಾರೀಯ ವಸ್ತುಗಳನ್ನು ದೂರವಿಡಬೇಕು. ಮಿಶ್ರಣದಲ್ಲಿರುವ ಸ್ಟಿಯರಿಕ್ ಆಮ್ಲ ಲೇಪವನ್ನು ತುಸು ಆಮ್ಲೀಯವಾಗಿಯೇ ಉಳಿಸಿಕೊಳ್ಳುತ್ತದೆ.

ಕರಗಿಸಿ ಬೆರೆಸುವುದು

ಆರಂಭಿಕ ಪ್ರಯೋಗಕ್ಕೆ 100 ಗ್ರಾಂ ಮಿಶ್ರಣದಲ್ಲಿ 58 ಗ್ರಾಂ ಎಸ್ಟರ್‌ಕ್ವಾಟ್, 25 ಗ್ರಾಂ ಸ್ಟಿಯರಿಕ್ ಆಮ್ಲ, 10 ಗ್ರಾಂ ಸಾರ್ಬಿಟನ್ ಮಾನೊಸ್ಟಿಯರೇಟ್ (ಸಕ್ಕರೆ ಮೂಲದ ಮೇಣದಂತಹ ಎಸ್ಟರ್), 4 ಗ್ರಾಂ ಒಣ ಜೇಡಿ, 2.9 ಗ್ರಾಂ ಸುಗಂಧ, 0.1 ಗ್ರಾಂ ಟೊಕೊಫೆರಾಲ್ (ಉತ್ಕರ್ಷಣೆ ತಡೆಯುವ ವಿಟಮಿನ್ ಇ) ತೆಗೆದುಕೊಳ್ಳಬಹುದು. ಎಸ್ಟರ್‌ಕ್ವಾಟ್‌ನ ಜೊತೆ ಸ್ಟಿಯರಿಕ್ ಆಮ್ಲ ಮೊದಲೇ ಬೆರೆತಿದ್ದರೆ ಅದನ್ನು ಲೆಕ್ಕದಿಂದ ಕಳೆಯಿರಿ. ಇದು ತಿದ್ದಿಕೊಳ್ಳಲೆಂದೇ ಇರುವ ಸೂತ್ರ. ಲೇಪ ಹಾಳೆಯಿಂದ ಬಿಡುತ್ತಿಲ್ಲವೆಂದರೆ ಸಾರ್ಬಿಟನ್ ಎಸ್ಟರ್ ಹೆಚ್ಚಿಸಿ, ಹಾಳೆಗಳು ಒಂದಕ್ಕೊಂದು ಅಂಟುತ್ತಿದ್ದರೆ ಸ್ಟಿಯರಿಕ್ ಆಮ್ಲ ಹೆಚ್ಚಿಸಿ.

ಕರಗಿಸಲು ಗಾಜಿನ ಅಥವಾ ಸ್ಟೇನ್‌ಲೆಸ್ ಸ್ಟೀಲಿನ ಪಾತ್ರೆಯನ್ನು ಬಿಸಿ ನೀರಿನ ಜಾಕೆಟ್‌ನಲ್ಲಿಡಿ. ಕಬ್ಬಿಣ, ತಾಮ್ರಗಳ ಕಿಂಚಿತ್ ಅಂಶವೂ ಉತ್ಕರ್ಷಣೆಯನ್ನು ಚುರುಕುಗೊಳಿಸಿ ಬಣ್ಣ ಕೆಡಿಸುತ್ತದೆ, ಬಯಲು ಜ್ವಾಲೆಯಂತೂ ಸಲ್ಲದು. ಮೊದಲು ಸ್ಟಿಯರಿಕ್ ಆಮ್ಲವನ್ನೂ ಸಾರ್ಬಿಟನ್ ಎಸ್ಟರನ್ನೂ ಟೊಕೊಫೆರಾಲ್ ಜೊತೆ ಕರಗಿಸಿ, ಆಮೇಲೆ ಎಸ್ಟರ್‌ಕ್ವಾಟ್ ಸೇರಿಸಿ 75 ಡಿಗ್ರಿಯ ಹತ್ತಿರ ನಿಧಾನವಾಗಿ ಕಲಕಿ. ಹಬೆ ಒಳಕ್ಕೆ ಇಳಿಯದಂತೆ ಪಾತ್ರೆಯ ಬಾಯಿ ಮುಚ್ಚಿರಬೇಕು, ಸಾಧ್ಯವಿದ್ದರೆ ಒಣ ನೈಟ್ರೋಜನ್ ಹೊದಿಕೆ ಕೊಡಬೇಕು. ಜೇಡಿಯನ್ನು ಚಿಟಿಕೆ ಚಿಟಿಕೆಯಾಗಿ ಸುರಿದು ಗಂಟಿಲ್ಲದಂತೆ ಹರಡಿ, ಲೇಪಿಸುವ ಸ್ವಲ್ಪ ಮುಂಚೆ 65ರಿಂದ 70 ಡಿಗ್ರಿಗೆ ಇಳಿಸಿ ಸುಗಂಧ ಬೆರೆಸಿ.

ಕರಗಿದ ಸ್ಥಿತಿಯಲ್ಲಿ ಮಿಶ್ರಣವನ್ನು ಗಂಟೆಗಟ್ಟಲೆ ಇಟ್ಟುಕೊಳ್ಳುವುದು ಅದಕ್ಕೆ ಅತ್ಯಂತ ಅಪಾಯದ ಕಾಲ. ನೀರು ಎಷ್ಟು ಕಡಿಮೆಯಿದ್ದರೂ ಸಾರ್ಬಿಟನ್ ಎಸ್ಟರಿನಲ್ಲಿರುವ ಹೈಡ್ರಾಕ್ಸಿಲ್ ಗುಂಪುಗಳು ಬಿಸಿಯಲ್ಲಿ ಎಸ್ಟರ್‌ಕ್ವಾಟ್‌ನಿಂದ ಕೊಬ್ಬಿನ ಸರಪಳಿಯನ್ನು ಕಸಿದುಕೊಳ್ಳಬಲ್ಲವು. ಹಾಗಾದಾಗ ಆಮ್ಲದ ಪ್ರಮಾಣ ಏರದೆಯೇ ಸ್ನಿಗ್ಧತೆ ಬದಲಾಗಿ, ಲೇಪದ ದಪ್ಪ ಹಾಳೆಯಿಂದ ಹಾಳೆಗೆ ಏರುಪೇರಾಗುತ್ತದೆ. ಆದ್ದರಿಂದ ಒಂದು ಮಾದರಿಯನ್ನು ಬೇಕೆಂದೇ 75ರಿಂದ 80 ಡಿಗ್ರಿಯಲ್ಲಿ 72 ಗಂಟೆ ಇರಿಸಿ, ಆಗಾಗ ಸ್ನಿಗ್ಧತೆ, ಬಣ್ಣ, ಆಮ್ಲ ಮೌಲ್ಯ (ಒಂದು ಗ್ರಾಂ ಮಾದರಿಯ ಬಿಡಿ ಆಮ್ಲವನ್ನು ತಟಸ್ಥಗೊಳಿಸಲು ಬೇಕಾದ ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ನ ಮಿಲಿಗ್ರಾಂ), ಧನ ಅಯಾನು ಸಕ್ರಿಯಾಂಶ ಇವುಗಳನ್ನು ಅಳೆಯಿರಿ. ಎಷ್ಟು ಹೊತ್ತಿನಲ್ಲಿ ವ್ಯತ್ಯಾಸ ಶುರುವಾಗುತ್ತದೆಯೋ ಅದಕ್ಕಿಂತ ಬಹಳ ಮುಂಚೆಯೇ ನಿಮ್ಮ ಉತ್ಪಾದನೆಯ ಪಾತ್ರೆ ಖಾಲಿಯಾಗಬೇಕು.

ಹಾಳೆ ಮತ್ತು ಅದರ ತೇವ

ಬಹುಪಾಲು ಡ್ರೈಯರ್ ಹಾಳೆಗಳ ತಳ ಪಾಲಿಯೆಸ್ಟರ್. ಅದರ ಮೇಲೆ ಎಂತಹ ಉತ್ತಮ ಎಸ್ಟರ್‌ಕ್ವಾಟ್ ಸವರಿದರೂ ಬಳಸಿ ಬಿಸಾಡಿದ ಹಾಳೆ ಕೊಳೆಯುವುದಿಲ್ಲವಾದ್ದರಿಂದ, ಜೈವಿಕ ವಿಘಟನೆಯ ಮಾತನ್ನು ಲೇಪಕ್ಕೆ ಮಾತ್ರ ಸೀಮಿತಗೊಳಿಸುವುದು ನನ್ನ ದೃಷ್ಟಿಯಲ್ಲಿ ಅರ್ಧ ಸತ್ಯ. ವಿಸ್ಕೋಸ್, ಲಯೊಸೆಲ್ (ಎರಡೂ ಮರದ ತಿರುಳಿನಿಂದ ಮಾಡಿದವು) ಅಥವಾ ಹತ್ತಿಯ ನಾರುಗಳನ್ನು ನೀರಿನ ಧಾರೆಯ ಒತ್ತಡದಿಂದ ಹೆಣೆದ, ಅಂಟು ಬಳಸದ ನಾನ್‌ವೋವನ್ ಆಯ್ದುಕೊಳ್ಳಿ. ಲೇಟೆಕ್ಸ್ ಅಂಟಿನಿಂದ ಹಿಡಿದಿಟ್ಟ ಹಾಳೆಯಲ್ಲಿ ನಾರು ಕೊಳೆತರೂ ಅಂಟು ಉಳಿಯುತ್ತದೆ.

ಆದರೆ ಇಲ್ಲಿ ಎರಡು ಗುರಿಗಳು ನೇರವಾಗಿ ಡಿಕ್ಕಿ ಹೊಡೆಯುತ್ತವೆ. ಶೇಕಡ 65 ಸಾಪೇಕ್ಷ ಆರ್ದ್ರತೆಯ ಗಾಳಿಯಲ್ಲಿ ಪಾಲಿಯೆಸ್ಟರ್ ಹೀರಿಕೊಳ್ಳುವ ತೇವ ತನ್ನ ತೂಕದ ಶೇಕಡ 0.4ರಷ್ಟು, ಹತ್ತಿ ಶೇಕಡ 8ರ ಸುಮಾರು, ವಿಸ್ಕೋಸ್ ಶೇಕಡ 12ರ ಸುಮಾರು ಹೀರುತ್ತವೆ. ಕೊಳೆಯಬಲ್ಲ ಹಾಳೆಯೇ ಕೊಳೆಯಬಲ್ಲ ಲೇಪದ ಪಕ್ಕಕ್ಕೆ ನೀರನ್ನು ತಂದು ನಿಲ್ಲಿಸುತ್ತದೆ. ನಾರಿನೊಳಗೆ ಬಿಗಿಯಾಗಿ ಹಿಡಿದಿಟ್ಟ ನೀರು ಬಿಡಿ ನೀರಿನಷ್ಟು ಚುರುಕಲ್ಲವಾದರೂ ಅದನ್ನು ಕಡೆಗಣಿಸಿದ ಸೂತ್ರಗಳು ಪ್ರಯೋಗಶಾಲೆಯಲ್ಲಿ ಗೆದ್ದು ಉಗ್ರಾಣದಲ್ಲಿ ಸೋಲುತ್ತವೆ. ಲೇಪಿಸುವ ಮುನ್ನ ಹಾಳೆಯ ಸುರುಳಿಯನ್ನು ಬಿಸಿಗಾಳಿಯಲ್ಲಿ ಹಾಯಿಸಿ ತೇವವನ್ನು ಶೇಕಡ 3ಕ್ಕಿಂತ ಕೆಳಗಿಳಿಸಿ, ಅದು ಬಿಸಿಯಾಗಿರುವಾಗಲೇ ಲೇಪಿಸಿ, ತಣ್ಣಗಾದ ಕೂಡಲೇ ತೇವ ತಡೆಯುವ ಒಳಪದರವುಳ್ಳ ಪೊಟ್ಟಣದಲ್ಲಿ ಮುಚ್ಚಿಬಿಡಿ. ಒಂದು ಹಾಳೆಗೆ 1ರಿಂದ 2 ಗ್ರಾಂ ಲೇಪ ಸಾಕಾಗುತ್ತದೆ.

ಸುಗಂಧದ ಬಗ್ಗೆ ಒಂದು ಮಾತು: ಪ್ಲಾಸ್ಟಿಕ್ ಗೋಡೆಯ ಸುಗಂಧದ ಸೂಕ್ಷ್ಮಗುಳಿಗೆಗಳನ್ನು ಬಳಸಬೇಡಿ. ಐರೋಪ್ಯ ಒಕ್ಕೂಟವು 2023ರ ಸೂಕ್ಷ್ಮಪ್ಲಾಸ್ಟಿಕ್ ನಿಯಮದಲ್ಲಿ ಅವುಗಳನ್ನೂ ಸೇರಿಸಿ, ಕೈಬಿಡಲು 2029ರ ಅಕ್ಟೋಬರ್‌ವರೆಗೆ ಕಾಲಾವಕಾಶ ಕೊಟ್ಟಿದೆ.

ಪರೀಕ್ಷೆಗಳು

ಸ್ಥಿರತೆಯನ್ನು ತಿಳಿಯಲು ಪೊಟ್ಟಣಗಳನ್ನು 40 ಡಿಗ್ರಿ, ಶೇಕಡ 75 ಆರ್ದ್ರತೆಯಲ್ಲಿ 12 ವಾರ ಇರಿಸಿ, ಎರಡು ವಾರಕ್ಕೊಮ್ಮೆ ಆಮ್ಲ ಮೌಲ್ಯ ನೋಡಿ. ಶುದ್ಧ ಸ್ಟಿಯರಿಕ್ ಆಮ್ಲದ ಆಮ್ಲ ಮೌಲ್ಯ ಸುಮಾರು 197 ಆಗಿರುವುದರಿಂದ, ಲೇಪದ ಆಮ್ಲ ಮೌಲ್ಯ 2ರಷ್ಟು ಏರಿದರೆ ಶೇಕಡ 1ರಷ್ಟು ಹೊಸ ಕೊಬ್ಬಿನಾಮ್ಲ ಹುಟ್ಟಿದೆ, ಅಂದರೆ 100 ಗ್ರಾಂ ಲೇಪದಲ್ಲಿ ಸುಮಾರು 2.5 ಗ್ರಾಂ ಡೈಎಸ್ಟರ್ ಒಡೆದಿದೆ ಎಂದು ಓದಿಕೊಳ್ಳಬಹುದು. ಇದಕ್ಕಿಂತ ಹೆಚ್ಚಿನ ಉಷ್ಣತೆಯಲ್ಲಿ ಪರೀಕ್ಷೆಯನ್ನು ಅವಸರಪಡಿಸಿದರೆ ಲೇಪವೇ ಮೆತ್ತಗಾಗಿ ಬೇರೆ ಬಗೆಯ ದೋಷಗಳು ಕಾಣಿಸಿಕೊಂಡು ದಾರಿ ತಪ್ಪಿಸುತ್ತವೆ.

ವಿಘಟನೆಗೆ ಓಇಸಿಡಿಯ (ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಸ್ಥೆಯ) 301 ಸರಣಿಯ ಪರೀಕ್ಷೆಗಳೇ ಪ್ರಮಾಣ. ಇಂಗಾಲದ ಡೈಆಕ್ಸೈಡ್ ಅಥವಾ ಆಮ್ಲಜನಕವನ್ನು ಅಳೆಯುವ ವಿಧಾನಗಳಲ್ಲಿ 28 ದಿನಗಳೊಳಗೆ ಸೈದ್ಧಾಂತಿಕ ಮೊತ್ತದ ಶೇಕಡ 60 ತಲುಪಬೇಕು. ಈ ಪರೀಕ್ಷೆಗಳನ್ನು ಪ್ರತಿ ಘಟಕಕ್ಕೂ ಪ್ರತ್ಯೇಕವಾಗಿ ಮಾಡಿಸಿ, ಇಡೀ ಲೇಪಕ್ಕೆ ಒಟ್ಟಾಗಿ ಮಾಡಿಸಬೇಡಿ. ಸ್ಟಿಯರಿಕ್ ಆಮ್ಲ ಸಲೀಸಾಗಿ ಕೊಳೆತು ಬೇರೊಂದು ಹಟಮಾರಿ ವಸ್ತುವನ್ನು ಮರೆಮಾಡಿಬಿಡುತ್ತದೆ. ಧನ ಅಯಾನುಗಳು ಸೂಕ್ಷ್ಮಜೀವಿಗಳನ್ನೇ ಕುಗ್ಗಿಸಬಲ್ಲವಾದ್ದರಿಂದ ವಿಷತ್ವ ನಿಯಂತ್ರಣದ ಪಾತ್ರೆಯನ್ನೂ ಇರಿಸಿ: ಸುಲಭವಾಗಿ ಕೊಳೆಯುವ ಉಲ್ಲೇಖ ವಸ್ತುವನ್ನು ಬೆರೆಸಿದ ಆ ಪಾತ್ರೆಯಲ್ಲಿ 14 ದಿನಗಳಲ್ಲಿ ಶೇಕಡ 25 ವಿಘಟನೆಯೂ ಕಾಣದಿದ್ದರೆ ಸಾಂದ್ರತೆಯನ್ನು ಇಳಿಸಿ ಮತ್ತೆ ಪರೀಕ್ಷಿಸಬೇಕು. ಕೆಸರಿಗೆ ಅಂಟಿಕೊಂಡು ನೀರಿನಿಂದ ಮಾಯವಾದದ್ದನ್ನು ವಿಘಟನೆ ಎಂದು ಎಣಿಸುವುದು ಈ ಕ್ಷೇತ್ರದ ದೊಡ್ಡ ಮೋಸ. ಹಳೆಯ ಲವಣಗಳೂ ಹಾಗೆಯೇ ಮಾಯವಾಗುತ್ತಿದ್ದವು.

ಕಾರ್ಯಕ್ಷಮತೆಗೆ ಹತ್ತಿ, ಪಾಲಿಯೆಸ್ಟರ್, ನೈಲಾನ್, ಅಕ್ರಿಲಿಕ್ ಬಟ್ಟೆಗಳ ಒಂದೇ ತೂಕದ ಹೊರೆಯನ್ನು ಒಂದೇ ಅವಧಿಗೆ ಉರುಳಿಸಿ. ಹಾಳೆಯನ್ನು ಮೊದಲೂ ಆಮೇಲೂ ತೂಗಿದರೆ ಎಷ್ಟು ಲೇಪ ಬಿಟ್ಟಿದೆ ಎಂಬುದು ತಿಳಿಯುತ್ತದೆ. ಸ್ಥಿರ ವಿದ್ಯುತ್ತನ್ನು ಒಣ ಗಾಳಿಯ ಕೋಣೆಯಲ್ಲೇ ಅಳೆಯಿರಿ, ತೇವದ ಗಾಳಿಯಲ್ಲಿ ಎಲ್ಲ ಹಾಳೆಗಳೂ ಒಳ್ಳೆಯವಾಗಿಯೇ ಕಾಣುತ್ತವೆ. ಗಾಢ ಬಣ್ಣದ ಪಾಲಿಯೆಸ್ಟರ್ ಮೇಲೆ ಎಣ್ಣೆಯಂತಹ ಕಲೆ ಬಿದ್ದಿದೆಯೇ ಎಂದು ಓರೆ ಬೆಳಕಿನಲ್ಲಿ ಪರೀಕ್ಷಿಸಿ.

ಪೊಟ್ಟಣದ ಮೇಲಿನ ಸೂಚನೆಯೂ ರೂಪಣೆಯ ಭಾಗವೇ. ಬೆಂಕಿ ನಿರೋಧಕ ಎಂದು ಗುರುತಿಸಿದ ಬಟ್ಟೆಗಳಿಗೆ, ವಿಶೇಷವಾಗಿ ಮಕ್ಕಳ ರಾತ್ರಿಯುಡುಪುಗಳಿಗೆ, ಈ ಹಾಳೆಯನ್ನು ಬಳಸಬಾರದೆಂದು ಎದ್ದು ಕಾಣುವಂತೆ ಬರೆಯಿರಿ, ಏಕೆಂದರೆ ಕೊಬ್ಬಿನ ಪದರ ಆ ಗುಣವನ್ನು ಕುಗ್ಗಿಸುತ್ತದೆ. ಟವೆಲ್‌ಗಳು ನೀರು ಹೀರುವುದು ಕಡಿಮೆಯಾಗುವುದರಿಂದ ಅವುಗಳಿಗೆ ಪ್ರತಿ ಸಲವೂ ಹಾಕದಂತೆ, ಯಂತ್ರದ ತೇವ ಸಂವೇದಕವನ್ನೂ ನೂಲುಹುಡಿ ಜಾಲರಿಯನ್ನೂ ಆಗಾಗ ಸಾಬೂನು ನೀರಿನಿಂದ ಒರೆಸುವಂತೆ, ಪೊಟ್ಟಣವನ್ನು ಪ್ರತಿ ಬಾರಿ ತೆರೆದ ನಂತರ ಬಿಗಿಯಾಗಿ ಮುಚ್ಚುವಂತೆ ಕೂಡ ತಿಳಿಸಿ.